48 ದಿನ ಮಕ್ಕಳು ಎಲ್ಲಿರುತ್ತಾರೆ?

ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ಎಣಿಸಿ ನೋಡಿದರೆ 48 ದಿನ. ನಗರದಲ್ಲಿರುವವರು ಈ ದಿನಗಳಿಗೆ ದುಡ್ಡು ಕೊಟ್ಟು ವ್ಯವಸ್ಥೆ ಮಾಡಿಕೊಳ್ಳುತ್ತಾರೆ. ಚಿತ್ರಕಲೆಗೊಂದು ಶಿಬಿರ, ಈಜಿಗೊಂದು, ಸ್ಕೇಟಿಂಗಿಗೊಂದು. ಇನ್ನು ಕೆಲವರು ಮಕ್ಕಳನ್ನು ಅಜ್ಜಿಯ ಊರಿಗೆ ಕಳಿಸುತ್ತಾರೆ. ನಾನಿಲ್ಲಿ ಬರೆಯುತ್ತಿರುವುದು ಈ ಎರಡೂ ಇಲ್ಲದ ಮಕ್ಕಳ ಬಗ್ಗೆ. ಅವರ ಅಪ್ಪ ಅವ್ವ ಬೆಳಗಿನ ತಂಪಿನಲ್ಲೇ ಉದ್ಯೋಗ ಖಾತ್ರಿ ಕೆಲಸಕ್ಕೋ ಇಟ್ಟಿಗೆ ಭಟ್ಟಿಗೋ ಹೋಗಿಬಿಡುತ್ತಾರೆ. ಮನೆಯಲ್ಲಿ ಹತ್ತು ವರ್ಷದ ಹುಡುಗಿ, ಅವಳ ಕಂಕುಳಲ್ಲಿ ತಮ್ಮ. ಅಣ್ಣನಾದವನು ಗೆಳೆಯರ ಜೊತೆ ಎಲ್ಲಿಗೆ ಹೋದ ಎಂಬುದು ಸಂಜೆಯವರೆಗೆ ಯಾರಿಗೂ ಗೊತ್ತಿರುವುದಿಲ್ಲ.

ಹೆಚ್ಚಿನ ಸಲ ಅವನು ಹೋಗುವುದು ನೀರಿನ ಕಡೆಗೆ. ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆ ಸುದ್ದಿ ಬರುತ್ತದೆ: ಕೃಷಿ ಹೊಂಡದಲ್ಲಿ ಬಿದ್ದು ಬಾಲಕರ ಸಾವು. ಹಲವು ಸಲ ಒಬ್ಬನಲ್ಲ, ಇಬ್ಬರು. ಮೊದಲನೆಯವನು ಜಾರಿದ, ಎರಡನೆಯವನು ಅವನನ್ನು ಹಿಡಿಯಲು ಇಳಿದ. ನಾಲ್ಕು ಸಾಲಿನ ಸುದ್ದಿ ಓದಿ ನಾವು ಅಯ್ಯೋ ಎಂದು ಪುಟ ತಿರುವುತ್ತೇವೆ.

ಸಣ್ಣ ನೀರಾವರಿಯ ಕೆಲಸದಲ್ಲಿ ಕೂದಲು ಬೆಳ್ಳಗಾದವನು ನಾನು. ಆದ್ದರಿಂದ ಹೊಂಡ ಏಕೆ ಇಷ್ಟು ಅಪಾಯಕಾರಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಹೊಂಡಗಳು ಸಾಲುಸಾಲಾಗಿ ಬಂದವು. ರೈತನಿಗೆ ಅದು ವರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೆರೆಯಂತಲ್ಲ. ಕೆರೆಯಲ್ಲಿ ದಂಡೆಯಿಂದ ನೀರು ಮೊಣಕಾಲು, ಸೊಂಟ, ಎದೆ ಎಂದು ನಿಧಾನಕ್ಕೆ ಆಳವಾಗುತ್ತದೆ. ಹೊಂಡದಲ್ಲಿ ಆಳ ಸುಮಾರು 3 ಮೀಟರ್. ಪಕ್ಕದ ಗೋಡೆಗಳು ಕಡಿದಾದ ಇಳಿಜಾರು, ಅದರ ಮೇಲೆ ನೀರು ಇಂಗದಿರಲೆಂದು ಹೊದಿಸಿದ ಪ್ಲಾಸ್ಟಿಕ್ ಹಾಳೆ. ಆ ಹಾಳೆಯ ಮೇಲೆ ಪಾಚಿ ಕಟ್ಟಿತೆಂದರೆ ಕಾಲೂರಲು ಜಾಗವೇ ಇರುವುದಿಲ್ಲ. ಈಜು ಬಲ್ಲ ಗಟ್ಟಿ ಆಳು ಕೂಡ ಮೇಲೆ ಹತ್ತಲಾರ. ದಂಡೆ ಕೈಗೆಟಕುವಷ್ಟು ಹತ್ತಿರದಲ್ಲಿರುವಾಗಲೇ ಸೋತುಹೋಗುತ್ತಾನೆ. ಸುತ್ತ ತಂತಿ ಬೇಲಿ ಹಾಕಬೇಕೆಂಬುದು ಯೋಜನೆಯಲ್ಲೇ ಇದೆ. ಹಾಕಿದ ಬೇಲಿ ಎಷ್ಟು ದಿನ ನಿಂತಿರುತ್ತದೆ ಎಂಬುದು ಬೇರೆ ಮಾತು.

ಹಾಗಾದರೆ ಏನು ಮಾಡಬೇಕು? ಗಂಟು ಹಾಕಿದ ನೈಲಾನ್ ಹಗ್ಗಗಳನ್ನು ನಾಲ್ಕೂ ದಂಡೆಯ ಗೂಟಗಳಿಗೆ ಕಟ್ಟಿ ನೀರಿನವರೆಗೆ ಇಳಿಬಿಟ್ಟರೆ ಬಿದ್ದವನಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಒಂದು ಹಳೆಯ ಟ್ಯೂಬಿಗೆ ಗಾಳಿ ತುಂಬಿ ಹಗ್ಗ ಕಟ್ಟಿ ದಂಡೆಯಲ್ಲಿಡಿ. ಇಲ್ಲವೇ ಬಾಯಿ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್. ಇದಕ್ಕೆ ಟೆಂಡರು ಬೇಕಿಲ್ಲ, ಅಂದಾಜುಪಟ್ಟಿ ಬೇಕಿಲ್ಲ. ಮಕ್ಕಳಿಗೆ ಒಂದು ಪಾಠವನ್ನಂತೂ ಕಡ್ಡಾಯವಾಗಿ ಹೇಳಿಕೊಡಬೇಕು: ಗೆಳೆಯ ನೀರಿಗೆ ಬಿದ್ದರೆ ನೀನು ಇಳಿಯಬೇಡ; ಕೂಗು, ಹಗ್ಗ ಎಸೆ, ಸೀರೆ ಎಸೆ, ಕ್ಯಾನ್ ಎಸೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಅಂಗಳದಲ್ಲಿ ಗೆರೆ ಎಳೆದು, ಗೆರೆಯಾಚೆ ಒಬ್ಬನನ್ನು ನಿಲ್ಲಿಸಿ, ಹಗ್ಗ ಎಸೆಯುವುದನ್ನೇ ಆಟ ಮಾಡಿ ಆಡಿಸಬೇಕು. ಯಾರ ಹಗ್ಗ ಮೊದಲು ಮುಟ್ಟಿತೋ ಅವರು ಗೆದ್ದಂತೆ.

ನಾವು ಚಿಕ್ಕವರಿದ್ದಾಗ ಊರ ಬಾವಿಗೆ ಮೆಟ್ಟಿಲಿತ್ತು. ಬೆನ್ನಿಗೆ ಬೆಂಡು ಕಟ್ಟಿಕೊಂಡೋ ಒಣಗಿದ ಸೋರೆಬುರುಡೆ ಕಟ್ಟಿಕೊಂಡೋ ಹಿರಿಯರ ಕಣ್ಣೆದುರಿಗೇ ಈಜು ಕಲಿಯುತ್ತಿದ್ದೆವು. ಆ ಬಾವಿಗಳಲ್ಲಿ ಬಹಳಷ್ಟು ಈಗ ಕಸದ ಗುಂಡಿಗಳಾಗಿವೆ. ಮೆಟ್ಟಿಲಿದ್ದ ನೀರು ಹೋಯಿತು, ಮೆಟ್ಟಿಲಿಲ್ಲದ ನೀರು ಬಂತು.

ಮಕ್ಕಳನ್ನು ನೀರಿನಿಂದ ದೂರವಿಡಲು ಬರೀ ಗದರಿಕೆ ಸಾಲದು. ಅದಕ್ಕಿಂತ ರುಚಿಯಾದದ್ದು ಹತ್ತಿರದಲ್ಲೇ ಇರಬೇಕು. ಇಲ್ಲಿಗೆ ನಮ್ಮ ಮಠಗಳ ಮಾತು ಬರುತ್ತದೆ. ರಜೆಯಲ್ಲಿ ಪ್ರಸಾದ ನಿಲಯದ ಹುಡುಗರು ಊರಿಗೆ ಹೋಗಿರುತ್ತಾರೆ. ವಿಶಾಲವಾದ ಅಂಗಳ, ಬೇವಿನ ಮರ, ಕುಡಿಯುವ ನೀರು, ಅಡುಗೆಮನೆ, ಬಿಸಿಲೇರಿದಾಗ ಒಳಗೆ ಕೂಡಲು ಪ್ರವಚನದ ಹಾಲು, ಎಲ್ಲವೂ ಖಾಲಿ. ದಿನಕ್ಕೆ ಮೂರು ತಾಸು, ಬೆಳಗಿನ ಏಳರಿಂದ ಹತ್ತರವರೆಗೆ, ಈ ಬಾಗಿಲು ಊರ ಎಲ್ಲ ಕೇರಿಯ ಮಕ್ಕಳಿಗೆ ತೆರೆದಿದ್ದರೆ ಅರ್ಧ ಕೆಲಸ ಆದಂತೆಯೇ.

ಆದರೆ ಒಂದು ವಿನಂತಿ. ದಯವಿಟ್ಟು ಇದನ್ನು ಭಾಷಣದ ಶಿಬಿರ ಮಾಡಬೇಡಿ. ಉದ್ಘಾಟನೆಗೆ ಎರಡು ತಾಸು, ವೇದಿಕೆಯ ಮೇಲೆ ಹದಿನೈದು ಜನ, ಹಾರ ತುರಾಯಿ. ಕೆಳಗೆ ಮಕ್ಕಳು ಬಿಸಿಲಲ್ಲಿ ಕೈ ಕಟ್ಟಿ ಕೂತಿರುವುದು. ಇಂಥದ್ದನ್ನು ನಾನು ಸಾಕಷ್ಟು ನೋಡಿದ್ದೇನೆ, ನೀವೂ ನೋಡಿದ್ದೀರಿ. ವಚನ ಕಂಠಪಾಠದ ಸ್ಪರ್ಧೆಯೂ ಒಂದು ದಿನಕ್ಕೆ ಸಾಕು. ವರ್ಷವಿಡೀ ಉರು ಹೊಡೆದು ಬಂದ ಮಗುವಿಗೆ ರಜೆಯಲ್ಲೂ ಉರು ಹೊಡೆಸಿದರೆ ವಚನದ ಮೇಲೆಯೇ ಬೇಸರ ಹುಟ್ಟೀತು. ನವೋದಯ, ಮೊರಾರ್ಜಿ ಪರೀಕ್ಷೆಯ ತರಬೇತಿ ಎಂದು ರಜೆಯನ್ನೇ ನುಂಗುವವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನನ್ನ ಕಸುಬಿನ ಕಡೆಯಿಂದ ಒಂದೆರಡು ಆಟ ಹೇಳುತ್ತೇನೆ. ಬೇಕಾಗುವುದು ಹಗ್ಗ, ಗೂಟ, ಸುಣ್ಣದ ಪುಡಿ. ಅಂಗಳದ ನಡುವೆ ಗೂಟ ನೆಟ್ಟು, ಹಗ್ಗದ ತುದಿಗೆ ಕಡ್ಡಿ ಕಟ್ಟಿ ವೃತ್ತ ಎಳೆಯಿರಿ. ಅದೇ ಹಗ್ಗದ ಅಳತೆಯನ್ನು ವೃತ್ತದ ಅಂಚಿನಲ್ಲಿ ಬಿಂದುವಿನಿಂದ ಬಿಂದುವಿಗೆ ನೇರ ಹಿಡಿಯುತ್ತ ಹೋದರೆ ಸರಿಯಾಗಿ ಆರು ಸಲಕ್ಕೆ ಹೊರಟಲ್ಲಿಗೇ ಬರುತ್ತದೆ. ಮಕ್ಕಳಿಗೆ ಮೊದಲು ನಂಬಿಕೆಯೇ ಬರುವುದಿಲ್ಲ, ಮತ್ತೆ ಅಳೆಯುತ್ತಾರೆ. ಆ ಆರು ಭಾಗಗಳನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿದರೆ 24 ಬಿಂದುಗಳು. ಒಂದು ಬಿಂದುವಿನಿಂದ ಎಣಿಸುತ್ತ ಪ್ರತಿ ಆರನೆಯದನ್ನು ಸೇರಿಸಿದರೆ ಒಂದು ಚೌಕ. ಪಕ್ಕದ ಬಿಂದುವಿನಿಂದ ಇನ್ನೊಂದು ಚೌಕ. ಹೀಗೆ ಆರು ಚೌಕ ಆಗುವಷ್ಟರಲ್ಲಿ ಅಂಗಳದಲ್ಲಿ 24 ಮೂಲೆಯ ನಕ್ಷತ್ರ ಬಿದ್ದಿರುತ್ತದೆ.

ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ಇಂಥ 24 ಮೂಲೆಯ ನಕ್ಷತ್ರವೇ. ಕಲ್ಯಾಣ ಚಾಲುಕ್ಯರ ಕಾಲದ್ದು, ಸುಮಾರು ಒಂಬತ್ತು ನೂರು ವರ್ಷ ಹಳೆಯದು. ತಮ್ಮ ಕೈಯಿಂದಲೇ ನಕ್ಷತ್ರ ಬರೆದ ಮಕ್ಕಳನ್ನು ಮರುದಿನ ಅಲ್ಲಿಗೆ ಕರೆದೊಯ್ದರೆ ಅವರು ಮೂರ್ತಿ ನೋಡುವುದಕ್ಕಿಂತ ಮೊದಲು ಗೋಡೆಯ ಮೂಲೆಗಳನ್ನು ಎಣಿಸುತ್ತಾರೆ. ಪ್ರವಾಸವೆಂದರೆ ಮೈಸೂರಿಗೇ ಹೋಗಬೇಕೆಂದಿಲ್ಲ. ಗದಗಿನ ಮಗುವಿಗೆ ಲಕ್ಕುಂಡಿಯ ಮುಸುಕಿನ ಬಾವಿ 12 ಕಿ.ಮೀ. ದೂರ. ನಿಮ್ಮ ಊರ ಸುತ್ತಲೂ ಇಂಥದ್ದೊಂದು ಇದ್ದೇ ಇರುತ್ತದೆ, ನಾವು ನೋಡಲು ಹೋಗಿರುವುದಿಲ್ಲ ಅಷ್ಟೆ.

ಇನ್ನೊಂದು ಆಟವನ್ನು ಸೂರ್ಯನೇ ನಡೆಸಿಕೊಡುತ್ತಾನೆ. ವರ್ಷದಲ್ಲಿ ಎರಡು ದಿನ ಮಧ್ಯಾಹ್ನದ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದರಲ್ಲಿ ಮೊದಲನೆಯದು ಕರ್ನಾಟಕದ ಎಲ್ಲ ಊರಿಗೂ ಬೇಸಿಗೆ ರಜೆಯಲ್ಲೇ ಬರುತ್ತದೆ! ಚಾಮರಾಜನಗರದ ಕಡೆ ಏಪ್ರಿಲ್ ಮೂರನೇ ವಾರ, ಬೆಂಗಳೂರಿಗೆ ಏಪ್ರಿಲ್ 24ರ ಸುಮಾರು, ಗದಗ, ಧಾರವಾಡದ ಕಡೆ ಮೇ ಮೊದಲ ದಿನಗಳು, ಬೀದರಿಗೆ ಮೇ ಎರಡನೇ ವಾರ. ಒಂದು ವಾರ ಮೊದಲಿನಿಂದಲೇ ಕೋಲು ನೆಟ್ಟು ಮಧ್ಯಾಹ್ನದ ಅತಿ ಗಿಡ್ಡ ನೆರಳಿನ ತುದಿಗೆ ದಿನವೂ ಸುಣ್ಣದ ಚುಕ್ಕೆ ಇಟ್ಟರೆ ಅದು ದಿನೇ ದಿನೇ ಕೋಲಿನ ಬುಡಕ್ಕೆ ಸರಿಯುವುದು ಕಾಣುತ್ತದೆ. ಗಡಿಯಾರದ 12 ಗಂಟೆಯನ್ನು ನೆಚ್ಚಬೇಡಿ. ನಮ್ಮ ಕೈಗಡಿಯಾರ ನಡೆಯುವುದು ಪೂರ್ವಕ್ಕೆ ದೂರವಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಗದಗಿನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಸುಮಾರು 12 ಗಂಟೆ 25 ನಿಮಿಷ ಆಗಿರುತ್ತದೆ. ಇದೊಂದಕ್ಕೆ ಮಾತ್ರ ಬಿಸಿಲಿಗಿಳಿಯಬೇಕು. ತಲೆಗೆ ವಸ್ತ್ರ ಕಟ್ಟಿಸಿ, ಹತ್ತು ನಿಮಿಷದಲ್ಲಿ ಒಳಗೆ ಕರೆದು ಮಜ್ಜಿಗೆ ಕೊಡಿ.

ಬಾಕಿ ಆಟಗಳಿಗೆ ನನ್ನಂಥವರು ಬೇಕಿಲ್ಲ. ಅಳಿಗುಳಿ ಮಣೆ, ಚೌಕಾಬಾರ, ಹುಲಿ ಕುರಿ ಆಟ ಕಲಿಸಲು ಪ್ರತಿ ಓಣಿಯಲ್ಲೂ ಒಬ್ಬ ಅಜ್ಜಿ ಇದ್ದಾರೆ. ಅವರನ್ನು ಯಾರೂ ಕರೆದಿಲ್ಲ, ಅಷ್ಟೇ. ನಾಟಕಕ್ಕೆ ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಮಾದರಿ ಇದೆ. ನಮ್ಮವರದೇ ಆದ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಡು ಸುತ್ತುತ್ತಿದೆ. ಅಲ್ಲಿ ತಾಲೀಮು ಪಡೆದವರು ಹತ್ತಿರದಲ್ಲಿದ್ದರೆ ಬಸವ ಜಯಂತಿಗೆ ಮಕ್ಕಳಿಂದ ಒಂದು ಸಣ್ಣ ನಾಟಕ ಕಟ್ಟಿಸಬಹುದು. ಜಯಂತಿ ಬರುವುದೂ ರಜೆಯಲ್ಲೇ ತಾನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಅಲ್ಲಿನ ಮೇಲ್ವಿಚಾರಕರನ್ನು ಕೇಳಿದರೆ ವಾರಕ್ಕೊಮ್ಮೆ ಒಂದು ಬುಟ್ಟಿ ಕಥೆಪುಸ್ತಕ ಮಠಕ್ಕೆ ಬಂದೀತು.

ಹುಡುಗಿಯರ ವಿಚಾರ ಹಗುರವಾಗಿ ಬಿಡುವಂತಿಲ್ಲ. ಕರೆದರೆ ಹುಡುಗರು ಓಡಿ ಬರುತ್ತಾರೆ. ಹುಡುಗಿಯರು ಬರುವುದಿಲ್ಲ, ಏಕೆಂದರೆ ಕಂಕುಳಲ್ಲಿ ತಮ್ಮ ಇದ್ದಾನೆ, ಒಲೆಯ ಮೇಲೆ ಅನ್ನ ಇದೆ. ತಮ್ಮನನ್ನೂ ಎತ್ತಿಕೊಂಡು ಬಾ ಎಂದು ಅವಳ ತಾಯಿಗೇ ಹೇಳಬೇಕು; ಒಂದು ಮೂಲೆಯಲ್ಲಿ ತೊಟ್ಟಿಲು ಕಟ್ಟಿ, ಅಕ್ಕನ ಬಳಗದ ಇಬ್ಬರು ಅಲ್ಲಿ ಕೂಡಬೇಕು. ಇದಾಗದಿದ್ದರೆ ನಮ್ಮ ಶಿಬಿರ ಬರೀ ಹುಡುಗರ ಕ್ರಿಕೆಟ್ಟಾಗಿ ಮುಗಿಯುತ್ತದೆ.

ಹತ್ತು ಗಂಟೆಗೆ ಪ್ರಸಾದ. ರಜೆ ಬಂತೆಂದರೆ ಶಾಲೆಯ ಬಿಸಿಯೂಟವೂ ನಿಲ್ಲುತ್ತದೆ ಎಂಬುದು ನಮಗೆ ಥಟ್ಟನೆ ಹೊಳೆಯುವುದಿಲ್ಲ. 2024ರ ಬರದಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಸರ್ಕಾರ ರಜೆಯಲ್ಲೂ ಊಟ ನೀಡಿತು. ಬರ ಘೋಷಣೆ ಇಲ್ಲದ ವರ್ಷ ಆ ಮಕ್ಕಳ ಹಸಿವೇನೂ ಕಡಿಮೆಯಾಗುವುದಿಲ್ಲ. ಉಪ್ಪಿಟ್ಟೋ ಅನ್ನ ಸಾರೋ, ಏನೇ ಇರಲಿ, ಎಲ್ಲ ಕೇರಿಯ ಮಕ್ಕಳಿಗೂ ಒಂದೇ ಪಂಕ್ತಿ. ಬಡಿಸುವ ಸರದಿ ಮಕ್ಕಳದೇ, ಎಲ್ಲರಿಗೂ ಬರಬೇಕು. ಯಾರ ಮನೆಯ ಮಗು ಬಡಿಸುತ್ತಿದೆ ಎಂದು ನೋಡಿ ತಮ್ಮ ಮಗುವನ್ನು ಎಬ್ಬಿಸಿಕೊಂಡು ಹೋಗುವ ಹಿರಿಯರಿದ್ದರೆ ಹೋಗಲಿ, ಬಡಿಸುವ ಸರದಿಯಂತೂ ಬದಲಾಗಬಾರದು.

ಫ್ಲೆಕ್ಸು ಬೇಡ. ಅದರ ದುಡ್ಡಿನಲ್ಲಿ ಹಗ್ಗ ಕೊಳ್ಳಿ. ಏಪ್ರಿಲ್ ಮೊದಲ ಭಾನುವಾರ ಊರ ಹತ್ತು ಯುವಕರು ಮಠದಲ್ಲಿ ಸೇರಿ, ಹೊಲದ ಒಡೆಯರನ್ನು ಜೊತೆಗೆ ಕರೆದುಕೊಂಡು ಊರ ಸುತ್ತಲಿನ ಹೊಂಡಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಂದಕ್ಕೂ ಗೂಟ ಬಡಿದು ಹಗ್ಗ ಕಟ್ಟಿ ಬರಲಿ. ಎಷ್ಟು ಹೊಂಡ ಸಿಕ್ಕವು, ಎಷ್ಟಕ್ಕೆ ಬೇಲಿ ಇತ್ತು ಎಂಬ ಲೆಕ್ಕವನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿದರೆ ಜೂನ್ ಸಂಚಿಕೆಯಲ್ಲಿ ಊರಿನ ಹೆಸರಿನೊಂದಿಗೆ ಅಚ್ಚು ಹಾಕುತ್ತೇವೆ.