ವರ್ಷಗಳ ಎಣಿಕೆಯೂ ನಿಜವಾದ ಅನುಭವವೂ

ಯಶವಂತಪುರದಿಂದ ಹೊರಟು ಹೆಬ್ಬಾಳದ ಮಾರ್ಗವಾಗಿ ಯಲಹಂಕದವರೆಗೆ ಬಸ್ಸಿನಲ್ಲಿ ಪ್ರಯಾಣ ಮಾಡುವವರು ದಾರಿಯುದ್ದಕ್ಕೂ ನಾಮಫಲಕಗಳನ್ನು ಓದುತ್ತ ಹೋಗಬಹುದು. ದಂತವೈದ್ಯರು, ಕನ್ನಡಕದ ಅಂಗಡಿ, ಟ್ಯುಟೋರಿಯಲ್ ಇವುಗಳ ನಡುವೆ ಈಚೆಗೆ ಇನ್ನೊಂದು ಬಗೆಯ ಫಲಕ ಕಣ್ಣಿಗೆ ಬೀಳತೊಡಗಿದೆ: ‘ಆಪ್ತ ಸಮಾಲೋಚಕರು ಮತ್ತು ಲೈಫ್ ಕೋಚ್, ಇಪ್ಪತ್ತು ವರ್ಷಗಳ ಅನುಭವ.’ ಕಾಲೇಜುಗಳು ಒತ್ತಾಗಿ ನೆಲಸಿರುವ ಈ ಭಾಗದಲ್ಲಿ ಇಂಥ ಫಲಕಗಳು ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ. ಮನಸ್ಸಿನ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲವೆಂಬ ತಿಳಿವಳಿಕೆ ತರುಣರಲ್ಲಿ ಮೂಡುತ್ತಿರುವುದಾದರೆ ಅದು ಸಂತೋಷದ ಸಂಗತಿಯೇ ಸರಿ. ಆದರೆ ‘ಇಪ್ಪತ್ತು ವರ್ಷಗಳ ಅನುಭವ’ ಎಂಬ ಮಾತಿನ ಅರ್ಥವೇನು? ಅದನ್ನು ವಿಜ್ಞಾನದ ವಿದ್ಯಾರ್ಥಿಗಳು ಹೇಗೆ ಓದಬೇಕು?

ಈ ಪ್ರಶ್ನೆಗೆ ಈಗ ಹೊಸ ಮಹತ್ತ್ವ ಬಂದಿದೆ. ವಿದ್ಯಾರ್ಥಿನಿಯೊಬ್ಬಳ ಮರಣದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜುಲೈ ತಿಂಗಳಲ್ಲಿ ತೀರ್ಪು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ, ಮಕ್ಕಳ ಮತ್ತು ತರುಣರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಅರ್ಹ ಸಮಾಲೋಚಕನನ್ನೋ ಮನಶ್ಶಾಸ್ತ್ರಜ್ಞನನ್ನೋ ಸಮಾಜ ಕಾರ್ಯಕರ್ತನನ್ನೋ ಗೊತ್ತುಮಾಡಿಕೊಳ್ಳತಕ್ಕದ್ದೆಂದು ಅದರಲ್ಲಿ ಹೇಳಿದೆ. ಉದ್ದೇಶ ಉತ್ತಮವಾದುದು. ಆದರೆ ಒಂದು ಕೊಠಡಿ, ಒಂದು ಮೇಜು, ಬಾಗಿಲಿಗೊಂದು ಫಲಕ ಇಷ್ಟರಿಂದಲೇ ಕರ್ತವ್ಯ ಮುಗಿಯಿತೆಂದು ಕಾಲೇಜುಗಳು ಭಾವಿಸಿದರೆ ತೀರ್ಪು ಕಾಗದದಲ್ಲಿಯೇ ಉಳಿಯುವುದು. ‘ಅರ್ಹ’ ಎಂಬ ಎರಡಕ್ಷರದಲ್ಲಿಯೇ ಎಲ್ಲವೂ ಅಡಗಿದೆ.

ಮೊದಲು ಹೆಸರುಗಳನ್ನು ಬೇರ್ಪಡಿಸಿಕೊಳ್ಳೋಣ. ಮನೋವೈದ್ಯನು ವೈದ್ಯಶಾಸ್ತ್ರವನ್ನು ಓದಿದವನು, ಔಷಧಿಯನ್ನು ಬರೆದುಕೊಡಬಲ್ಲನು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಮನಶ್ಶಾಸ್ತ್ರದ ಉನ್ನತ ವ್ಯಾಸಂಗವನ್ನು ಮಾಡಿ, ರೋಗಿಗಳ ನಡುವೆ ತರಬೇತಿ ಹೊಂದಿದವನು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ಅವನ ಹೆಸರು ನೋಂದಣಿಯಾಗಿರಬೇಕು. ಆಪ್ತ ಸಮಾಲೋಚಕನು ಬಾಳಿನ ತೊಡಕುಗಳನ್ನು ಮಾತಿನ ಮೂಲಕ ಬಿಡಿಸಿಕೊಳ್ಳಲು ನೆರವಾಗುವವನು. ೨೦೨೧ರ ಆರೋಗ್ಯ ವೃತ್ತಿಗಳ ಕಾಯಿದೆಯು ಕೆಲವು ಬಗೆಯ ಸಮಾಲೋಚಕರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಕೋಚ್ ಎಂಬವನು ರೋಗವನ್ನು ಮುಟ್ಟುವವನಲ್ಲ. ಗುರಿಯನ್ನು ಗೊತ್ತುಮಾಡಿಕೊಂಡು ಅದರತ್ತ ನಡೆಯಲು ಹುರಿದುಂಬಿಸುವವನು. ಈ ಹೆಸರನ್ನಿಟ್ಟುಕೊಳ್ಳಲು ನಮ್ಮ ದೇಶದಲ್ಲಿ ಯಾವ ಪರವಾನಗಿಯೂ ಬೇಕಾಗಿಲ್ಲ. ೧೯೯೫ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕೋಚ್ ಒಕ್ಕೂಟವು ತರಬೇತಿಯ ಗಂಟೆಗಳನ್ನೂ ಅಭ್ಯಾಸದ ಗಂಟೆಗಳನ್ನೂ ಲೆಕ್ಕಹಾಕಿ ಪ್ರಮಾಣಪತ್ರ ಕೊಡುತ್ತದೆ. ಅದನ್ನು ಪಡೆಯುವುದು ಅವರವರ ಇಚ್ಛೆಗೆ ಬಿಟ್ಟದ್ದು.

ಈ ವಿದ್ಯೆ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ೧೯೨೪ರಷ್ಟು ಹಿಂದೆಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗಕ್ಕೆ ಅಡಿಪಾಯ ಹಾಕಿದರು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ೧೯೭೪ರಲ್ಲಿ ಅದೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಅಲ್ಲಿ ಕಲಿಯುವವನು ಪುಸ್ತಕವನ್ನೋದಿದ ಮಾತ್ರಕ್ಕೆ ಹೊರಬೀಳುವುದಿಲ್ಲ. ಹಿರಿಯರ ಕಣ್ಣೆದುರಿನಲ್ಲಿ ಕೆಲಸ ಮಾಡಿ, ತಪ್ಪಿದಲ್ಲಿ ತಿದ್ದಿಸಿಕೊಂಡು ಮುಂದುವರಿಯಬೇಕು. ಈ ತಿದ್ದುವಿಕೆಯೇ ಅನುಭವದ ತಿರುಳೆಂಬುದು ನಮ್ಮ ಅಭಿಪ್ರಾಯ.

ವರ್ಷಗಳು ಕಳೆದಂತೆ ಕೌಶಲ ತಾನಾಗಿಯೇ ಬೆಳೆಯುವುದಿಲ್ಲವೆ? ‘ಹಾಡುತ್ತ ಹಾಡುತ್ತ ರಾಗ’ ಎಂಬ ಗಾದೆಯೇ ಇದೆಯಲ್ಲ! ಅಮೆರಿಕದ ಸಂಶೋಧಕರು ಈ ನಂಬಿಕೆಯನ್ನು ಪರೀಕ್ಷಿಸಿ ೨೦೧೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೧೭೦ ಮಂದಿ ಚಿಕಿತ್ಸಕರನ್ನೂ ಅವರಲ್ಲಿಗೆ ಬಂದ ೬,೫೯೧ ಮಂದಿಯನ್ನೂ ಅವರು ಅಭ್ಯಸಿಸಿದ್ದರು. ಪ್ರತಿಯೊಬ್ಬ ಚಿಕಿತ್ಸಕನ ಕೆಲಸದಲ್ಲಿ ಸರಾಸರಿ ಐದು ವರ್ಷಗಳಿಗೆ ತುಸು ಕಡಿಮೆ ಅವಧಿಯನ್ನು ಪರಿಶೀಲಿಸಲಾಗಿತ್ತು. ಅನುಭವ ಹೆಚ್ಚಿದಂತೆ ಫಲ ಉತ್ತಮಗೊಳ್ಳಲಿಲ್ಲ. ಒಟ್ಟಿನಲ್ಲಿ ಅತ್ಯಲ್ಪವಾಗಿ ಇಳಿದೇ ಇತ್ತು. ಕೆಲವರು ಮಾತ್ರ ವರ್ಷ ಕಳೆದಂತೆ ಉತ್ತಮಗೊಂಡಿದ್ದರು.

ಹೀಗೇಕೆ? ಬಿಲ್ಲುಗಾರನಿಗೆ ತನ್ನ ಬಾಣ ಎಲ್ಲಿ ಬಿದ್ದಿತೆಂಬುದು ಕೂಡಲೇ ಕಾಣುತ್ತದೆ. ಮುಂದಿನ ಬಾಣವನ್ನು ಅದಕ್ಕನುಗುಣವಾಗಿ ಬಿಡುತ್ತಾನೆ. ಸಮಾಲೋಚಕನಿಗೆ ಈ ಅನುಕೂಲವಿಲ್ಲ. ಗುಣ ಕಾಣದವನು ಜಗಳವಾಡುವುದಿಲ್ಲ, ದೂರು ಕೊಡುವುದಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾನೆ. ಅವನು ನೆಮ್ಮದಿಗೊಂಡನೆಂದು ಇವನು ತಿಳಿದುಕೊಳ್ಳಬಹುದು. ಶ್ರುತಿಯನ್ನು ತೋರಿಸುವವರಿಲ್ಲದೆ ಇಪ್ಪತ್ತು ವರ್ಷ ಹಾಡಿದರೆ ಅಪಸ್ವರವೇ ಗಟ್ಟಿಯಾಗುವುದಲ್ಲವೆ?

ನಮ್ಮ ನೆರೆಯಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೊಸ ರಾಗಿಯ ತಳಿಯೊಂದನ್ನು ರೈತನ ಕೈಗೆ ಕೊಡುವ ಮೊದಲು ವಿಜ್ಞಾನಿಗಳು ಅದನ್ನು ಹಲವು ಕಡೆ, ಹಲವು ಋತುಗಳಲ್ಲಿ ಬೆಳೆದು ನೋಡುತ್ತಾರೆ. ಇಳುವರಿಯನ್ನು ತೂಗುತ್ತಾರೆ, ರೋಗವನ್ನು ಎಣಿಸುತ್ತಾರೆ, ಹಳೆಯ ತಳಿಯೊಡನೆ ಹೋಲಿಸುತ್ತಾರೆ. ಒಂದು ಹಿಡಿ ರಾಗಿಗೆ ಇಷ್ಟು ಪರೀಕ್ಷೆಯಿರುವಾಗ, ನಮ್ಮ ಮಕ್ಕಳ ಮನಸ್ಸನ್ನು ಒಪ್ಪಿಸುವ ಕೈಗಳಿಗೆ ಪರೀಕ್ಷೆ ಬೇಡವೆನ್ನಬಹುದೆ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಜ್ಜಿಯೊಬ್ಬಳ, ಗುರುವೊಬ್ಬನ, ಗೆಳೆಯನೊಬ್ಬನ ಸಾಂತ್ವನಕ್ಕೆ ಯಾವ ಪ್ರಮಾಣಪತ್ರವಿತ್ತು? ಆ ಮಾತು ಸತ್ಯವೇ. ಅನೇಕ ದುಃಖಗಳು ಅಂಥ ಮಡಿಲಿನಲ್ಲಿಯೇ ಕರಗುತ್ತವೆ. ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞನು ೧೯೫೭ರಲ್ಲಿ ಪ್ರತಿಪಾದಿಸಿದ ಮುಖ್ಯ ಗುಣಗಳೂ ಪದವಿಗಳಲ್ಲ: ಎದುರಿನವನ ನೋವನ್ನು ಅವನ ಕಣ್ಣಿನಿಂದ ಕಾಣುವುದು, ಷರತ್ತಿಲ್ಲದೆ ಅವನನ್ನು ಗೌರವಿಸುವುದು, ತಾನು ನಟಿಸದೆ ಇರುವುದು. ನಿವೃತ್ತ ಉಪಾಧ್ಯಾಯರೋ ಇಂಜಿನಿಯರರೋ ಈ ವೃತ್ತಿಗೆ ಬಂದರೆ ಅವರ ಹಿಂದಿನ ಬಾಳು ವ್ಯರ್ಥವಲ್ಲ. ಅದು ಅವರಿಗೆ ಬಂಡವಾಳವೇ. ಆದರೆ ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನ್ನುವ ತರುಣನನ್ನು ಗುರುತಿಸಿ, ‘ಇದು ನನ್ನ ಶಕ್ತಿಗೆ ಮೀರಿದುದು’ ಎಂದು ತಡಮಾಡದೆ ವೈದ್ಯನಲ್ಲಿಗೆ ಕಳುಹಿಸುವುದಕ್ಕೆ ಕರುಣೆಯೊಂದೇ ಸಾಲದು, ತರಬೇತಿ ಬೇಕು. ಅಂಥವನಿಗೆ ಹುರುಪಿನ ಭಾಷಣವನ್ನಷ್ಟೇ ಕೊಟ್ಟು ಕಳುಹಿಸುವ ಕೋಚ್ ಎಷ್ಟೇ ಸಜ್ಜನನಾಗಿದ್ದರೂ ಅಮೂಲ್ಯವಾದ ಸಮಯವನ್ನು ಕಳೆದಂತಾಯಿತು.

ಆದುದರಿಂದ ವಿದ್ಯಾರ್ಥಿಗಳು ಸಂಕೋಚಪಡದೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ತಾವು ಎಲ್ಲಿ, ಎಷ್ಟು ಕಾಲ ಕಲಿತಿರಿ? ಯಾರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿದಿರಿ, ಈಗಲೂ ತಮ್ಮ ಕೆಲಸವನ್ನು ಹಿರಿಯರಿಗೆ ತೋರಿಸುವುದುಂಟೆ? ನನಗೆ ಗುಣವಾಗುತ್ತಿದೆಯೆ ಇಲ್ಲವೆ ಎಂಬುದನ್ನು ಹೇಗೆ ಅಳೆಯುತ್ತೀರಿ? ಯಾವ ಸಂದರ್ಭದಲ್ಲಿ ನನ್ನನ್ನು ಬೇರೆಯವರಲ್ಲಿಗೆ ಕಳುಹಿಸುತ್ತೀರಿ, ಮತ್ತು ನನ್ನ ಮಾತು ಯಾವಾಗ ಈ ಕೊಠಡಿಯನ್ನು ದಾಟುತ್ತದೆ? ಯೋಗ್ಯನಾದವನು ಈ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ, ಸಂತೋಷದಿಂದ ಉತ್ತರಿಸುತ್ತಾನೆ. ಸಿಟ್ಟಾಗುವವನ ಉತ್ತರವೂ ಒಂದು ಉತ್ತರವೇ.

ಕಾಲೇಜುಗಳಿಗೂ ನಮ್ಮ ಸೂಚನೆಯೊಂದಿದೆ. ನೇಮಕವಾದ ಸಮಾಲೋಚಕರ ವ್ಯಾಸಂಗ, ತರಬೇತಿ, ಮೇಲ್ವಿಚಾರಣೆಯ ವಿವರಗಳನ್ನು ವಿದ್ಯಾರ್ಥಿಗಳು ಓದುವಂತೆ ಪ್ರಕಟಿಸಲಿ. ಅವರನ್ನೇ ಹಾಜರಿಯ ಲೆಕ್ಕಕ್ಕೂ ಶಿಸ್ತಿನ ವಿಚಾರಣೆಗೂ ಹಚ್ಚದಿರಲಿ. ದಂಡ ವಿಧಿಸುವವನ ಮುಂದೆ ಯಾವ ವಿದ್ಯಾರ್ಥಿಯೂ ಮನಸ್ಸು ಬಿಚ್ಚುವುದಿಲ್ಲ.

ಕೊನೆಯದಾಗಿ ಒಂದು ಮಾತು. ಪ್ರಶ್ನೆ ಕೇಳುವುದು ಶಾಂತ ಸಮಯದ ಕೆಲಸ. ಸಂಕಟ ಮಿತಿಮೀರಿದಾಗ ಪ್ರಮಾಣಪತ್ರಗಳನ್ನು ಪರೀಕ್ಷಿಸುತ್ತ ಕುಳಿತಿರಬಾರದು. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ ೧೪೪೧೬; ಹಗಲಿರುಳೂ, ಕನ್ನಡದಲ್ಲಿಯೂ, ಶುಲ್ಕವಿಲ್ಲದೆ ದೊರೆಯುತ್ತದೆ. ಆ ಸಂಖ್ಯೆಯನ್ನು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಬೆಂಚಿನ ಗೆಳೆಯನಿಗೆ ಬೇಕಾಗಬಹುದು.