‘ಬರೀ ಮರ’ ಅಂದ್ರೆ ಏನ್ ಸ್ವಾಮಿ?

ಬೆಂಗಳೂರಿನಿಂದ ಕರಾವಳಿಗೆ ರೋಡ್ ಟ್ರಿಪ್ ಹೊರಟವರ ಪಟ್ಟಿಯಲ್ಲಿ ಬೀಚು, ಗಡ್‌ಬಡ್, ನೀರ್‌ದೋಸೆ ಇರಲೇಬೇಕು. ಮಂಗಳೂರಿನ ಪಿಲಿಕುಳ ಇದ್ದರೂ ಅದು ಹುಲಿ ನೋಡೋಕೆ, ಬೋಟಿಂಗ್‌ಗೆ. ಪಶ್ಚಿಮಘಟ್ಟದ ಮರಗಳನ್ನು ತಂದು ಬೆಳೆಸಿ, ಹೆಸರು ಬರೆದಿಟ್ಟ ಸಸ್ಯೋದ್ಯಾನವೂ ಅಲ್ಲೇ ಇದೆ. ಹೋಗೋಣ ಅಂದರೆ ನಮ್ಮ ಕಾರಿನಲ್ಲೇ ಒಬ್ಬ, “ಅಲ್ಲೇನಿದೆ ಮಗಾ, ಬರೀ ಮರ” ಅಂದ.

ಈ ‘ಬರೀ’ ಮೇಲೆ ನನ್ನ ತಕರಾರು. ರಾಮಪತ್ರೆ, ಹೆಬ್ಬಲಸು, ಪುನರ್ಪುಳಿ, ಸುರಹೊನ್ನೆ ಎಲ್ಲವೂ ‘ಬರೀ ಮರ’ ಆದರೆ ಉಳಿಯೋದು ಎಣಿಕೆ ಮಾತ್ರ. ಹೆದ್ದಾರಿ ಅಗಲ ಮಾಡುವವರ ಲೆಕ್ಕವೂ ಅದೇ: ಇಷ್ಟು ಕಡಿದೆವು, 10 ಪಟ್ಟು ನೆಡ್ತೀವಿ. ದಶಕಗಳಿಂದ ಅರಣ್ಯೀಕರಣದ ಹೆಸರಲ್ಲಿ ಕರಾವಳಿಯ ಗುಡ್ಡಗಳಲ್ಲಿ ನೆಟ್ಟಿದ್ದೇನು? ಆಸ್ಟ್ರೇಲಿಯಾ ಕಡೆಯ ಅಕೇಶಿಯಾ. ದೂರದಿಂದ ಅದೂ ಹಸಿರೇ. ಆದರೆ ಅದರಲ್ಲಿ ಮಂಗಟ್ಟೆಗೆ ಹಣ್ಣಿಲ್ಲ, ನಿಮ್ಮ ಸಾರಿಗೆ ಹುಳಿಯೂ ಇಲ್ಲ.

ಹೆಸರು ಗೊತ್ತಿಲ್ಲದವನಿಗೆ ಟೋಪಿ ಹಾಕೋದು ಸುಲಭ. ಫೋನಿನ ಮಾಡೆಲ್ ನಂಬರನ್ನು ನಿದ್ದೆಗಣ್ಣಲ್ಲೂ ಹೇಳ್ತೀವಿ. ಶಿರಾಡಿ ಘಾಟಿಯ ಒಂದು ಮರದ ಹೆಸರು ಕೇಳಿದರೆ “ಗ್ರೀನರಿ ಸೂಪರ್” ಅಂತೀವಿ. 75ನೇ ರಾಷ್ಟ್ರೀಯ ಹೆದ್ದಾರಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಮರದ ಪರಿಚಯ ಮಾಡಿಕೊಳ್ಳೋಕಾಗಲ್ಲ, ಒಪ್ಪಿದೆ. ಉದ್ಯಾನ ಕಾಡಿಗೆ ಬದಲಿಯಲ್ಲ, ಅದನ್ನೂ ಒಪ್ಪಿದೆ. ಆದರೆ ಅದೇ ಕಾಡಿನ ಮರ ಇಲ್ಲಿ ಫಲಕ ಕಟ್ಟಿಕೊಂಡು ನಿಂತಿದೆಯಲ್ಲ! ಒಂದು ಗಂಟೆ ಕೊಡಿ, 10 ಹೆಸರು ಕಲಿತು ಬನ್ನಿ. ನಾಳೆ ಯಾರಾದರೂ “10 ಪಟ್ಟು ನೆಡ್ತೀವಿ” ಅಂದಾಗ, “ಯಾವ ಮರ?” ಅಂತ ಕೇಳೋಕೆ ಅಷ್ಟು ಸಾಕು.