ನದಿಗೆ ತಡೆಗೋಡೆ, ಕಾಡಿಗೆ ಗುತ್ತಿಗೆ

ಗೋಪಾಳದ ಯಾವುದಾದರೊಂದು ಮನೆಯ ತಾರಸಿಯ ಮೇಲೆ ಬಿದ್ದ ಮಳೆಹನಿ ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಎಂದು ಉತ್ತರಿಸಿ ನಾವು ಸುಮ್ಮನಾಗುತ್ತೇವೆ. ಆದರೆ ಹನಿಯ ಪಯಣ ಅಲ್ಲಿಗೆ ಮುಗಿಯುವುದಿಲ್ಲ. ಅದು ತುಂಗೆಯನ್ನು ಸೇರಿ, ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು, ಹೊಸಪೇಟೆಯ ಜಲಾಶಯದಲ್ಲಿ ತಂಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ನಾವು ಚರಂಡಿಗೆ ಎಸೆದ ಪ್ಲಾಸ್ಟಿಕ್ಕೂ ಅದೇ ದಾರಿ ಹಿಡಿಯುತ್ತದೆ. ಹೀಗೆ ಒಂದು ನದಿಗೆ ನೀರು ಹರಿಸುವ ಅಷ್ಟೂ ನೆಲವೇ ಅದರ ಜಲಾನಯನ. ಅದರ ಗಡಿ ಎಳೆದದ್ದು ಬೆಟ್ಟದ ನೆತ್ತಿಯೇ ಹೊರತು ತಾಲೂಕು ಕಚೇರಿಯಲ್ಲ. ಅದರೊಳಗೆ ಬದುಕುವವರ ಜಾತಿ, ಮತ, ಪಕ್ಷ ಯಾವುದೂ ನೀರಿಗೆ ಗೊತ್ತಿಲ್ಲ.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯ ಸರ್ಕಾರ 200ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತವೆಂದು ಸಾರಿದಾಗ ಶಿವಮೊಗ್ಗ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ನಾಲ್ಕೇ ವರ್ಷಗಳ ಅಂತರದಲ್ಲಿ ನೆರೆ ಮತ್ತು ಬರ! ಮಳೆ ಹೆಚ್ಚಾದರೆ ನೆರೆ, ಕಡಿಮೆಯಾದರೆ ಬರ, ಇದರಲ್ಲಿ ಮನುಷ್ಯನ ಪಾಲೇನು ಎಂದು ಕೇಳುವವರಿದ್ದಾರೆ. ಮಳೆಯ ಪ್ರಮಾಣ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಬಿದ್ದ ಮಳೆ ಒಂದೇ ದಿನದಲ್ಲಿ ನದಿಗೆ ಧುಮುಕಬೇಕೋ, ತಿಂಗಳುಗಟ್ಟಲೆ ಜಿನುಗುತ್ತಾ ಬರಬೇಕೋ ಎಂಬುದರಲ್ಲಿ ನೆಲದ ಪಾತ್ರ ದೊಡ್ಡದು. ಆ ನೆಲ ನಮ್ಮ ಕೈಯಲ್ಲಿದೆ.

ತುಂಗೆ ಮತ್ತು ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅಲ್ಲಿನ ಶೋಲಾ ಕಾಡಿನ ಎಲೆ ಮಳೆಯ ಹೊಡೆತವನ್ನು ತಡೆಯುತ್ತದೆ, ತರಗು ನೀರನ್ನು ಹಿಡಿದಿಡುತ್ತದೆ, ಬೇರು ಅದನ್ನು ಮಣ್ಣಿನೊಳಕ್ಕೆ ಇಳಿಸುತ್ತದೆ. ಬೇಸಗೆಯಲ್ಲಿ ಹಳ್ಳಗಳಲ್ಲಿ ಹರಿಯುವುದು ಹೀಗೆ ಉಳಿತಾಯವಾದ ನೀರು. ಭದ್ರೆಗಾದರೆ ಲಕ್ಕವಳ್ಳಿಯಲ್ಲಿ ದೊಡ್ಡ ಜಲಾಶಯವಿದೆ. ತುಂಗೆಗೆ ಗಾಜನೂರಿನಲ್ಲಿ ಇರುವುದು ಸುಮಾರು 3 ಟಿಎಂಸಿ ಅಡಿಯ ಪುಟ್ಟ ಅಣೆಕಟ್ಟು. ತುಂಗೆಯ ನಿಜವಾದ ಜಲಾಶಯವೆಂದರೆ ಅದರ ಕಾಡೇ.

ಆ ಕಾಡಿಗೆ ನಾವು ಮಾಡಿದ್ದೇನು? ಕುದುರೆಮುಖದಲ್ಲಿ ದಶಕಗಳ ಕಾಲ ಬೆಟ್ಟ ಅಗೆದೆವು. ಗಣಿಯ ಹೂಳು ಮಳೆಗಾಲದಲ್ಲಿ ಭದ್ರೆಗೆ ಇಳಿಯಿತು. ಜನ ಹೋರಾಡಿ, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇನ್ನು ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಮಲೆನಾಡಿನ ಸಾವಿರಾರು ಎಕರೆಯಲ್ಲಿ ಅಕೇಶಿಯಾ, ನೀಲಗಿರಿ ಬೆಳೆಸಲಾಯಿತು. ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು, ಕಾರ್ಮಿಕರು ಬೀದಿಗೆ ಬಂದರು. ಆದರೆ 2020ರಲ್ಲಿ ನೆಡುತೋಪಿನ 40 ವರ್ಷದ ಗುತ್ತಿಗೆ ಮುಗಿದಾಗ ಸರ್ಕಾರ ಅದನ್ನು ಮತ್ತೆ ಮುಂದುವರಿಸಿತು! ಕಾಗದವೇ ಇಲ್ಲದ ಕಾರ್ಖಾನೆಗೆ ಕಾಡು ಏಕೆ? 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಮಲೆನಾಡಿಗರು ಬೀದಿಗಿಳಿದದ್ದು ಈ ಪ್ರಶ್ನೆಯನ್ನು ಹಿಡಿದೇ. ನೆಡುತೋಪು ಹಸಿರಾಗಿ ಕಾಣುತ್ತದೆ ನಿಜ. ಕಟಾವಾದ ಮರುಮಳೆಗೆ ಬತ್ತಲಾದ ಇಳಿಜಾರಿನ ಮೇಲ್ಮಣ್ಣು ಹಳ್ಳಕ್ಕೆ ಜಾರುತ್ತದೆ. ಹಸಿರಾಗಿರುವುದೆಲ್ಲಾ ಕಾಡಲ್ಲ.

ಈ ಮಣ್ಣೆಲ್ಲ ಎಲ್ಲಿಗೆ ಹೋಯಿತು? 1953ರಲ್ಲಿ ನೀರು ತುಂಬಿಸಿಕೊಂಡ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. ಈಗ ಉಳಿದಿರುವುದು 105ರ ಆಸುಪಾಸು. ಮೇಲಿನವರ ಬೆಟ್ಟ ಕರಗಿದ್ದಕ್ಕೆ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ನೀರು ಕಳೆದುಕೊಂಡು ದಂಡ ತೆರುತ್ತಿದ್ದಾರೆ.

ನಮ್ಮ ಯೋಜನೆಗಳ ರೀತಿಯನ್ನೂ ನೋಡಿ. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಆರಂಭವಾದ 'ಸುಜಲ' ಜಲಾನಯನ ಯೋಜನೆಗೆ ಆರಿಸಿಕೊಂಡದ್ದು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳನ್ನು. ಒಣನಾಡಿಗೆ ಅದು ಬೇಕೇಬೇಕಿತ್ತು, ತಕರಾರಿಲ್ಲ. ಆದರೆ ಜಲಾನಯನವೆಂದರೆ ಬಯಲುಸೀಮೆಯ ಒಡ್ಡು ಮಾತ್ರ, ಮಲೆನಾಡು ಎಂದೂ ಬತ್ತದ ಕೊಡ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ಅಡಿ ನೀರೆತ್ತಲು ಲೆಕ್ಕ ಹಾಕಲಾಗಿದೆ. ಚಿತ್ರದುರ್ಗದ ಬಾಯಾರಿದವರಿಗೆ ನೀರು ಕೊಡಲಿ, ಅದು ನ್ಯಾಯ. ಆದರೆ ನೀರು ಎತ್ತುವ ಪಂಪಿಗೆ ಹಣವಿರುವಾಗ, ನೀರು ಹುಟ್ಟಿಸುವ ಕಾಡಿಗೇಕೆ ಇಲ್ಲ?

ಹಾಗೆಂದು ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಗರದವರಾದ ನಾವು ಕೈತೊಳೆದುಕೊಳ್ಳುವಂತಿಲ್ಲ. ಅಂಗಳಕ್ಕೆಲ್ಲ ಸಿಮೆಂಟು ಬಳಿದು, ಬೋರ್‌ವೆಲ್ ಬತ್ತಿತೆಂದು ಗೋಳಾಡುತ್ತೇವೆ. ಕೆರೆಯಂಗಳದಲ್ಲಿ ಸೈಟು ಕೊಂಡು, ಮನೆಯೊಳಗೆ ನೀರು ಬಂದಾಗ ಪಾಲಿಕೆಯನ್ನು ಬೈಯುತ್ತೇವೆ. ತುಂಗೆಯನ್ನು ಪೂಜಿಸುವವರೂ, ಅದರ ನೀರಲ್ಲೇ ವಜೂ ಮಾಡುವವರೂ ಒಟ್ಟಾಗಿಯೇ ಅದಕ್ಕೆ ಕೊಳಚೆ ಬಿಡುತ್ತಿದ್ದೇವೆ. ಕೆಡಿಸುವುದರಲ್ಲಿ ಇರುವ ಈ ಒಗ್ಗಟ್ಟು ಉಳಿಸುವುದರಲ್ಲೇಕೆ ಇಲ್ಲ? 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರೆಗಾಗಿ ಶೃಂಗೇರಿಯಿಂದ ಪಾದಯಾತ್ರೆ ಹೊರಟಿತು. ಅಂಥ ನಡಿಗೆ ಒಂದು ದಿನದ ಸುದ್ದಿಯಾಗಿ ಮುಗಿಯಬಾರದು.

ನದಿ ದಂಡೆಗೆ ಕಲ್ಲು ಕಟ್ಟಿ, ದೀಪ ಹಚ್ಚಿ, ವಿಹಾರಪಥ ಮಾಡಿದರೆ ನದಿ ಉಳಿಯುವುದಿಲ್ಲ. ನೆಡುತೋಪಿನ ಗುತ್ತಿಗೆ ರದ್ದಾಗಿ ಅಲ್ಲಿ ಸಹಜ ಕಾಡು ಮರಳಲಿ. ಕೊಳಚೆ ಶುದ್ಧೀಕರಣವಾಗದೆ ಒಂದು ಹನಿಯೂ ತುಂಗೆಗಾಗಲಿ, ಭದ್ರೆಗಾಗಲಿ ಸೇರದಿರಲಿ. ಕೆರೆ, ರಾಜಕಾಲುವೆಗಳ ಮೇಲೆ ಎದ್ದ ಬಡಾವಣೆಗಳಿಗೆ ಪರವಾನಗಿ ಕೊಟ್ಟವರು ಯಾರೆಂದು ಬಹಿರಂಗವಾಗಲಿ. ಬಡವರ ಗುಡಿಸಲು ಕಿತ್ತು ಶ್ರೀಮಂತರ ಲೇಔಟು ಬಿಡುವ ತೆರವು ಕಾರ್ಯಾಚರಣೆ ನಮಗೆ ಬೇಡ. ಮುಂದಿನ ಬಾರಿ ಮತ ಕೇಳಲು ಬರುವವರ ಮುಂದೆ ರಸ್ತೆ, ಚರಂಡಿಯ ಜೊತೆಗೆ ಈ ಬೇಡಿಕೆಗಳನ್ನೂ ಇಡೋಣ. ಮೇಲೆ ಬೆಟ್ಟ ಬೋಳಾದರೆ ಕೆಳಗೆ ಎಷ್ಟೇ ಎತ್ತರದ ಗೋಡೆ ಕಟ್ಟಿದರೂ ನೀರು ಅದನ್ನು ಹತ್ತಿಯೇ ಬರುತ್ತದೆ.